ಒಂಬತ್ತು ನಲವತ್ತು, ಯಾರ ಗಡಿಯಾರ?

ನವೆಂಬರ್ 28

ಮೊನ್ನೆ ಮಂಗಳವಾರ, ನವೆಂಬರ್ 26ರಂದು, ಪಡುಕಡಲು ಬೋಟ್ ಮಾಲೀಕರ ಕೂಟದ ಮೂವರು ಮೀನುಗಾರಿಕಾ ಬಂದರಿನ ದಕ್ಕೆಯ ತಮ್ಮ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ನನ್ನ ಅಣ್ಣ ಯಾದವನಿಗೆ ಅನ್ಯಾಯ ಮಾಡಿದರು. ಅವನು ಚುಕ್ಕಾಣಿ ಹಿಡಿದುಕೊಂಡೇ ನಿದ್ದೆ ಹೋದನಂತೆ. ಅದನ್ನು ಮುಚ್ಚಲು ಆಕಾಶದಿಂದ ಬೆಂಕಿ ಇಳಿಯಿತೆಂದು ಕಥೆ ಕಟ್ಟಿದನಂತೆ. ವಿಚಾರಣೆಯ ವರದಿಯನ್ನು ಬೋಟಿನಲ್ಲಿ ದುಡಿಯುವ ಕಲಾಸಿಗಳ ಎದುರಿಗೇ ಗಟ್ಟಿಯಾಗಿ ಓದಿದರು. ಇಪ್ಪತ್ತಾರು ವರ್ಷ ತಾಂಡೇಲನಾಗಿ ಬೋಟು ನಡೆಸಿದವನು ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದ. ಇನ್ನು ಮಂಗಳೂರಿನ ಯಾವ ಮಾಲೀಕನೂ ಅವನ ಕೈಗೆ ಬೋಟು ಕೊಡುವುದಿಲ್ಲ.

ನಡೆದದ್ದು ಇಷ್ಟು. ನವೆಂಬರ್ 15ರ ನಸುಕಿನಲ್ಲಿ, ಮೂರು ಗಂಟೆ ದಾಟಿದ ಮೇಲೆ, ಅಣ್ಣ ನಡೆಸುತ್ತಿದ್ದ, ಕಮಲೇಶ ಎಂಬ ಮಾಲೀಕನ ಬೋಟು ಕಡಲಿನಲ್ಲಿ ಬಲೆ ಎಳೆಯುತ್ತಿತ್ತು. ಪಶ್ಚಿಮದಿಂದ ಬೆಂಕಿಯ ಗೆರೆಯೊಂದು ಬಂತು. ತಲೆಯ ಮೇಲೇ ಬೀಳುತ್ತದೆಂದು ಅಣ್ಣ ಚುಕ್ಕಾಣಿಯನ್ನು ಒಮ್ಮೆಲೇ ತಿರುಗಿಸಿದ. ಬಲೆಯ ಹಗ್ಗ ಬಿಗಿದು, ತುಂಡಾಗಿ, ಲತೀಶ ಎಂಬ ಹುಡುಗನ ಕಾಲಿಗೆ ಬಡಿಯಿತು. ಮೂಳೆ ಎರಡು ಕಡೆ ಮುರಿಯಿತು. ಹುಡುಗನಿಗೆ ಅಲ್ಲೇ ಪ್ರಜ್ಞೆ ತಪ್ಪಿತ್ತು, ಅವನಿಗೆ ಏನೂ ನೆನಪಿಲ್ಲ. ಉಳಿದವರು ಕೆಳಗೆ ಮಲಗಿದ್ದರು. ಒಡಿಶಾದ ಒಬ್ಬ ಮಾತ್ರ, ಮಲಗಿದ್ದಲ್ಲಿಂದಲೇ ಸಂದಿಯಲ್ಲಿ ಬೆಳಕು ಕಂಡೆ ಎಂದನಂತೆ. ಅವನ ಭಾಷೆ ಇವರಿಗೆ ತಿಳಿಯಲಿಲ್ಲ, ಅವನು ಊರಿಗೆ ಹೋಗಿಬಿಟ್ಟ.

ಆದರೆ ಈ ಬೆಂಕಿ ಏನೆಂದು ನಮಗೆ ಗೊತ್ತು. ಕದ್ರಿಯ ನಮ್ಮ ಖಗೋಳ ಕೂಟ ಅದರ ಹಿಂದೆ ಒಂದು ತಿಂಗಳು ಬಿದ್ದಿತ್ತು. ಅದು ಯಾವುದೋ ದೇಶದ, ಕೆಲಸ ಮುಗಿಸಿದ ರಾಕೆಟ್ಟಿನ ಖಾಲಿ ಚಿಪ್ಪು. ಭೂಮಿಯನ್ನು ಸುತ್ತುತ್ತಾ ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಎರಡು ನಕ್ಷತ್ರಗಳ ನಡುವೆ ಅದು ಹಾದುಹೋಗುವ ಕ್ಷಣದಲ್ಲಿ ನಾವು ಗಡಿಯಾರದ ಗುಂಡಿ ಒತ್ತುತ್ತೇವೆ. ಕಾಲೇಜಿನಲ್ಲಿ ಗಣಿತ ಕಲಿಸುವ ಸಮದ್ ಆ ಕ್ಷಣಗಳನ್ನು ಪೋಣಿಸಿ ದಾರಿ ಲೆಕ್ಕ ಹಾಕುತ್ತಾನೆ. ಹದಿನಾಲ್ಕರ ಮುಸ್ಸಂಜೆ ಕಾವೂರಿನ ನನ್ನ ತಾರಸಿಯಿಂದ ಅದನ್ನು ಕೊನೆಯ ಸಲ ಕಂಡವಳು ನಾನೇ. ಶ್ರವಣ ನಕ್ಷತ್ರದ ಕೆಳಗೆ ಅವಸರದಲ್ಲಿ ಹೋಯಿತು. ಸಮಯ 13:05, ನಮ್ಮ ಕೂಟ ಬಳಸುವ ಜಾಗತಿಕ ಕಾಲದಲ್ಲಿ.

ಸಮದನ ಲೆಕ್ಕದಲ್ಲಿ ಅದು ಉರಿದು ಬಿದ್ದದ್ದು: ನವೆಂಬರ್ 14, 21:40, ಅರಬ್ಬೀ ಸಮುದ್ರದ ಮೇಲೆ, ಕಾಲು ಗಂಟೆ ಆಚೀಚೆ. ಇದೂ ಜಾಗತಿಕ ಕಾಲವೇ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಹದಿನೈದರ ನಸುಕು, ಮೂರು ಹತ್ತು. ಅಣ್ಣ ಆ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಮಾಡಿದಾಗ, ನಿಲ್ಲು, ವಿಚಾರಿಸಿ ಹೇಳುತ್ತೇನೆ ಎಂದಿದ್ದೆ. ಮರುದಿನ ಲೆಕ್ಕ ಕೈಗೆ ಬಂದೊಡನೆ ನಾನೇ ಫೋನ್ ಮಾಡಿ, "ಅಣ್ಣ, ನೀನು ಹೇಳಿದ್ದು ಸರಿ" ಎಂದೆ.

ಇಷ್ಟು ಗಟ್ಟಿ ಸಾಕ್ಷಿ ಯಾವ ಕೋರ್ಟಿನಲ್ಲೂ ಸಿಗದು. ಆ ಮೂವರನ್ನು ನಾನು ಸುಮ್ಮನೆ ಬಿಡುವುದಿಲ್ಲ.

ನವೆಂಬರ್ 29

ನದಿಯಾಚೆ ಬೆಂಗ್ರೆಯ ಅಣ್ಣನ ಮನೆಗೆ ಹೋಗಿದ್ದೆ. ಫೆರಿಯಲ್ಲಿ ಇಬ್ಬರು ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು.

ಅಣ್ಣ ಜಗಲಿಯಲ್ಲಿ ಕುಳಿತು ಟಿವಿಯ ರಿಮೋಟಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದ. ಹಗಲು ಹೊತ್ತು ಅವನನ್ನು ಮನೆಯಲ್ಲಿ ಕಂಡರೆ ಹಬ್ಬವೋ ಮಳೆಗಾಲವೋ ಅನಿಸುತ್ತದೆ.

"ನಾಳೆ ಕಚೇರಿಗೆ ಹೋಗ್ತೇನೆ ಅಣ್ಣ. ಸಮದನ ಲೆಕ್ಕ ಉಂಟು ನನ್ನ ಹತ್ತಿರ."

"ಅವರ ಹತ್ತಿರವೂ ಉಂಟು."

"ಎಂತ ಉಂಟು?"

"ಲೆಕ್ಕ. ನಿಮ್ಮದೇ ಕೂಟದ್ದು. ಪೇಪರಿನಲ್ಲಿ ಬಂದದ್ದಂತೆ. ಅದನ್ನೇ ನನ್ನ ಮುಖಕ್ಕೆ ಹಿಡಿದದ್ದು."

ನಾನು ನಕ್ಕೆ. ಜಾಗತಿಕ ಕಾಲವನ್ನು ತಿಳಿಯದೆ ಓದಿದ್ದಾರೆ, ಅಷ್ಟೇ ಎಂದೆ. ಅದು ಏನೆಂದು ಅವನಿಗೆ ಬಿಡಿಸಿ ಹೇಳಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ.

"ನಗುವುದು ಮತ್ತೆ ಮಾಡುವ" ಎಂದು ಅತ್ತಿಗೆ ಒಳಗಿನಿಂದ ಕೂಗಿದರು. "ಮೊದಲು ಊಟಕ್ಕೆ ಬನ್ನಿ. ಬಂಗುಡೆ ಪುಳಿಮುಂಚಿ ಉಂಟು."

"ಮಾರ್ಕೆಟಿನಿಂದ ತಂದ ಬಂಗುಡೆ" ಎಂದ ಅಣ್ಣ. "ತಾಂಡೇಲನ ಮನೆಗೆ ಕ್ರಯಕ್ಕೆ ತಂದ ಮೀನು. ಕಮಿಟಿಯವರು ಸುಮ್ಮನೆ ಅಷ್ಟು ಉದ್ದ ಬರೆದರು. ಇಷ್ಟು ಹೇಳಿದ್ರೆ ಸಾಕಿತ್ತು."

ಹಿಂದೆ ಬರುವಾಗ 1979ರ ಮಳೆಗಾಲ ನೆನಪಾಯಿತು. ಅಮೆರಿಕದ ಸ್ಕೈಲ್ಯಾಬ್ ಆಕಾಶದಿಂದ ಬೀಳುತ್ತದೆಂದು ಊರೆಲ್ಲ ಹೆದರಿತ್ತು. ಬೆಂಗ್ರೆಯ ಹುಡುಗರು ದೋಣಿಯೊಂದನ್ನು ಕವುಚಿ ಹಾಕಿ ಅದರಡಿಯಲ್ಲಿ ಅಡಗುವ ಅಭ್ಯಾಸ ನಡೆಸುತ್ತಿದ್ದರು. ಅವರ ನಾಯಕ ಅಣ್ಣ. ಹದಿನೈದು ವರ್ಷದ ನಾನು ಪೇಪರು ಓದಿ, ಅದು ಇಲ್ಲಿ ಬೀಳುವ ಸಂಭವ ಎಷ್ಟು ಕಡಿಮೆಯೆಂದು ಅವರಿಗೆ ಪಾಠ ಮಾಡಿದ್ದೆ. ಅಂದಿನಿಂದ ಆಕಾಶದ ವಿಷಯದಲ್ಲಿ ನಮ್ಮ ಮನೆಯಲ್ಲಿ ಕೊನೆಯ ಮಾತು ನನ್ನದೇ. ಅಣ್ಣನಿಗೆ ಇಂದಿಗೂ ಶುಕ್ರಗ್ರಹಕ್ಕೂ ಬಜ್ಪೆಗೆ ಇಳಿಯುವ ವಿಮಾನದ ದೀಪಕ್ಕೂ ವ್ಯತ್ಯಾಸ ಗೊತ್ತಿಲ್ಲ. ಪಾಪ, ಅವನಿಗೆ ವಾದಿಸಲು ಬರುವುದಿಲ್ಲ. ಅದಕ್ಕೆ ನಾನಿದ್ದೇನೆ.

ನವೆಂಬರ್ 30

ಬರೆಯಲು ಕೈ ಬರುತ್ತಿಲ್ಲ.

ಮಾಲೀಕರ ಕೂಟದ ಕಾರ್ಯದರ್ಶಿಯ ಮುಂದೆ ನಿಂತು ನಾನು ಜಾಗತಿಕ ಕಾಲದ ಬಗ್ಗೆ ಉಪನ್ಯಾಸವನ್ನೇ ಕೊಟ್ಟೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಫೈಲಿನಿಂದ ಪತ್ರಿಕೆಯ ತುಣುಕನ್ನು ತೆಗೆದು ನನ್ನ ಕಡೆಗೆ ತಿರುಗಿಸಿ ಇಟ್ಟರು.

"ನೀವೇ ಓದಿ ಮೇಡಂ. ನನಗೆ ಕನ್ನಡ ಓದ್ಲಿಕ್ಕೆ ಬರ್ತದೆ ಅಂತ ಅಂದುಕೊಂಡಿದ್ದೆ."

ನಮ್ಮ ಖಗೋಳ ಕೂಟದ ಅಧ್ಯಕ್ಷ, ನಿವೃತ್ತ ಪ್ರೊಫೆಸರ್ ತಾರಾನಾಥ ಸರ್ ನವೆಂಬರ್ 17ರಂದು ಬರೆದ ಟಿಪ್ಪಣಿ. 'ನವೆಂಬರ್ 14ರ ರಾತ್ರಿ 9 ಗಂಟೆ 40 ನಿಮಿಷಕ್ಕೆ ರಾಕೆಟ್ಟಿನ ಅವಶೇಷವು ಅರಬ್ಬೀ ಸಮುದ್ರದ ಮೇಲೆ ಉರಿದುಹೋಯಿತೆಂದು ಕದ್ರಿ ಖಗೋಳ ಕೂಟ ಕರಾರುವಾಕ್ಕಾಗಿ ಲೆಕ್ಕ ಹಾಕಿದೆ.' ಜಾಗತಿಕ ಕಾಲ ಎಂಬ ಮಾತು ಎಲ್ಲೂ ಇಲ್ಲ. ರಾತ್ರಿ ಎಂದಿದೆ. ನಮ್ಮ ರಾತ್ರಿ ಎಂದೇ ಯಾರಾದರೂ ಓದುತ್ತಾರೆ. ನಾನು ಓದಿದರೂ ಹಾಗೆಯೇ.

"ಒಂಬತ್ತು ನಲವತ್ತಕ್ಕೆ ಬಿದ್ದದ್ದು ಮೂರು ಗಂಟೆಗೆ ಮತ್ತೆ ಬೀಳ್ತದಾ?" ಎಂದರು ಅವರು. "ನಿಮ್ಮ ಅಣ್ಣ ಪಾಪದವರೇ. ಆದರೆ ಇದನ್ನು ಬರೆದದ್ದು ನಾವಲ್ಲ, ನಿಮ್ಮ ಪ್ರೊಫೆಸರು."

ನಾನು ಆ ಟಿಪ್ಪಣಿಯನ್ನು ಓದಿಯೇ ಇರಲಿಲ್ಲ. ಸಮದನ ಲೆಕ್ಕವೇ ಕೈಯಲ್ಲಿರುವಾಗ ಟಿಪ್ಪಣಿ ಯಾಕೆ ಎಂದುಕೊಂಡಿದ್ದೆ. ಪೇಪರುಗಳು ಕಟ್ಟು ಬಿಚ್ಚದೆ ಬಿದ್ದಿದ್ದವು. ಮೂವತ್ತು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಇದ್ದವಳು, ಊರಿನ ಎಲ್ಲರ ತಪ್ಪು ಹುಡುಕುವವಳು, ಇದೊಂದನ್ನು ಓದಲಿಲ್ಲ.

ಡಿಸೆಂಬರ್ 1

ಕದ್ರಿಗೆ ಹೋಗಿ ತಾರಾನಾಥ ಸರ್ ಅವರನ್ನು ಕಂಡೆ.

ಈ ತಪ್ಪು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ನಮ್ಮ ಕೂಟದಲ್ಲಿ ಒಂದು ಕಟ್ಟಳೆ ಇದೆ. ಊರಿನ ಗಂಟೆ ಬಾಯಿಗೆ ಬರಕೂಡದು. "ಸಂಜೆ ಆರೂವರೆಗೆ ಕಂಡೆ" ಎಂದು ಯಾರಾದರೂ ಬಾಯಿತಪ್ಪಿ ಹೇಳಿದರೆ ಎಲ್ಲರಿಗೂ ಗೋಳಿಬಜೆ ಕೊಡಿಸಬೇಕು. ಸಮದ್ ಎಷ್ಟೋ ಸಲ ಕೊಡಿಸಿದ್ದಾನೆ, ನಾನೂ ಕೊಡಿಸಿದ್ದೇನೆ. ಕಟ್ಟಳೆ ಮಾಡಿದ ಸರ್ ಒಮ್ಮೆಯೂ ಸಿಕ್ಕಿಬಿದ್ದಿಲ್ಲ. ಅವರಿಗೆ ಊರಿನ ಗಂಟೆ ಮರೆತೇ ಹೋಗಿತ್ತು ಎಂದು ಈಗ ತೋರುತ್ತದೆ.

ಅವರು ತುಣುಕನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಇಪ್ಪತ್ತೊಂದು ನಲವತ್ತು ಅಂದಾಗ ರಾತ್ರಿ ಅಂತ ಕೈಯೇ ಬರೆದುಬಿಟ್ಟಿತು, ದಮಯಂತಿಯವರೇ."

"ತಿದ್ದುಪಡಿ ಕೊಡುವ ಸರ್. ಇವತ್ತೇ."

"ಕೊಡುವ. ಆದರೆ ಸ್ವಲ್ಪ ಆಲೋಚನೆ ಮಾಡಿ. ಜನವರಿಯಲ್ಲಿ ಪಾರ್ಕಿನಲ್ಲಿ ನಮ್ಮ ಆಕಾಶ ಹಬ್ಬ ಉಂಟು. ಶಾಲೆಗಳು ಬರ್ತವೆ. ಈಗ ಪೇಪರಿನಲ್ಲಿ ಇದು ಬಂದರೆ ಜನ ಎಂತ ಹೇಳ್ತಾರೆ? ಗಂಟೆ ನೋಡ್ಲಿಕ್ಕೆ ಬಾರದವರು ರಾಕೆಟ್ ನೋಡ್ತಾರೆ ಅಂತ."

"ಅಣ್ಣನ ಕೆಲಸ ಹೋಗಿದೆ ಸರ್."

"ಅದಕ್ಕೇ ಹೇಳುವುದು. ಸಮಿತಿಗೆ ನಾನೊಂದು ಪತ್ರ ಬರೆದುಕೊಡ್ತೇನೆ. ಅವರಿಗೆ ತಾನೇ ಗೊತ್ತಾಗಬೇಕಾದ್ದು? ಊರಿಗೆಲ್ಲ ಎಂತಕ್ಕೆ?"

ಅವರ ಮಾತಿನಲ್ಲೂ ಹುರುಳಿದೆ. ನಾವು ಈ ಹೆಸರು ಸಂಪಾದಿಸಿದ್ದು ಸುಲಭದಲ್ಲಲ್ಲ. ನಿವೃತ್ತಿಯ ಮರುವಾರ ನನ್ನ ಕೈಗೆ ದುರ್ಬೀನು ಕೊಟ್ಟು ಮೊದಲ ಸಲ ಆಕಾಶ ತೋರಿಸಿದವರು ಅವರೇ. ಪತ್ರಕ್ಕೆ ಒಪ್ಪಿದೆ.

ಡಿಸೆಂಬರ್ 4

ಪತ್ರ ಕೊಟ್ಟೆ. ಕಾರ್ಯದರ್ಶಿ ಓದಿ, ಮಡಚಿ, ನನಗೇ ಹಿಂದೆ ಕೊಟ್ಟರು.

"ಪೇಪರಿನಲ್ಲಿ ಬಂದದ್ದು ಊರಿಗೆ ಗೊತ್ತುಂಟು. ಈ ಪತ್ರ ಬಂದದ್ದು ನನಗೆ ಮಾತ್ರ ಗೊತ್ತುಂಟು. ಇದನ್ನು ನಂಬಿ ನಾವು ತೀರ್ಪು ಬದಲಿಸಿದ್ರೆ, ತಂಗಿ ಅಣ್ಣನಿಗೆ ಬರೆಸಿ ತಂದಳು ಅಂತ ಹೇಳುವುದಿಲ್ವಾ? ಪೇಪರಿನಲ್ಲೇ ಬರಲಿ. ಆಮೇಲೆ ನೋಡುವ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಡಿಸೆಂಬರ್ 5

ಮೋಡ. ಮೋಡವಿಲ್ಲದಿದ್ದರೂ ತಾರಸಿಗೆ ಹೋಗುತ್ತಿರಲಿಲ್ಲ.

ಡಿಸೆಂಬರ್ 8

ಸಮದ್ ಮನೆಗೆ ಬಂದಿದ್ದ. ಹೆಂಡತಿ ಕೊಟ್ಟ ಅಕ್ಕಿರೊಟ್ಟಿ, ಪತ್ತಿರಿ, ತಂದಿದ್ದ. ಟಿಪ್ಪಣಿಯ ವಿಷಯ ಕೇಳಿ ಸಿಟ್ಟಾಗಿದ್ದಾನೆ. ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿದ್ದಾನೆ.

"ಸರಿ ಉಂಟು ಅಕ್ಕ. ಮೂರು ಹತ್ತಕ್ಕೆ ಹತ್ತಿರವೇ. ಆದರೆ ಒಂದು ಮಾತು. ಇದು ಅಂದಾಜು. ಕೊನೆಗೆ ಅದು ಎಲ್ಲಿ ಒಡೆಯಿತು, ಎಷ್ಟು ಹೊತ್ತು ಉರಿಯಿತು, ಯಾವ ಕಡೆಗೆ ಹೋಯಿತು, ಇದೆಲ್ಲ ಲೆಕ್ಕದಲ್ಲಿ ಇಲ್ಲ. ಅದನ್ನು ಕಣ್ಣಾರೆ ಕಂಡವರು ಒಬ್ಬರೇ ಅಲ್ವಾ?"

"ಯಾರು?"

ಅವನು ನನ್ನನ್ನೇ ನೋಡಿದ. "ನಿಮ್ಮ ಅಣ್ಣ, ಅಕ್ಕ. ಅವರು ಎಂತ ಹೇಳಿದ್ರು? ತುಂಡು ಎಷ್ಟಾಯಿತಂತೆ? ಶಬ್ದ ಬಂತಂತಾ?"

ನಾನು ಕೇಳಿಲ್ಲ.

"ಒಂದು ತಿಂಗಳು ಅದರ ಹಿಂದೆ ಓಡಿದೆವು" ಎಂದ ಸಮದ್. "ಕೊನೆಗಾಲದಲ್ಲಿ ಅದನ್ನು ಕಂಡ ಮನುಷ್ಯ ಫೆರಿ ದಾಟಿದ್ರೆ ಸಿಗ್ತಾರೆ. ನಾನೂ ಕೇಳ್ಲಿಲ್ಲ. ನಮಗೆ ಎಂತ ಆಗಿದೆ ಮಾರಾಯ್ರೆ?"

ಪತ್ತಿರಿ ಹಾಗೆಯೇ ಉಳಿಯಿತು. ನಾಳೆ ಹೋಗಿ ಕೇಳುತ್ತೇನೆ. ಸಮದನಿಗೆ ಬೇಕಾದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡಿದ್ದೇನೆ.

ಡಿಸೆಂಬರ್ 9

ಇಡೀ ದಿನ ಮನಸ್ಸು ಕಹಿ.

ಪ್ರಶ್ನೆಗಳ ಚೀಟಿ ತೆಗೆದು ಕನ್ನಡಕ ಹಾಕಿಕೊಂಡಾಗಲೇ ಅಣ್ಣನ ಮುಖ ಗಟ್ಟಿಯಾಯಿತು.

"ಈಗ ಎಂತಕ್ಕೆ?"

"ಲೆಕ್ಕ ಇನ್ನೂ ಸರಿ ಮಾಡ್ಲಿಕ್ಕೆ. ಸಮದ ಕೇಳಿದ್ದು."

"ಹೌದಾ? ನಾನು ಆಸ್ಪತ್ರೆಯಿಂದ ಫೋನ್ ಮಾಡಿದಾಗ ನೀನು ಎಂತ ಹೇಳಿದ್ದು, ನೆನಪುಂಟಾ? ಲತೀಶನ ರಕ್ತ ನನ್ನ ಅಂಗಿಯಲ್ಲಿ ಇನ್ನೂ ಒಣಗಿರಲಿಲ್ಲ. ನಿಲ್ಲು, ವಿಚಾರಿಸಿ ಹೇಳ್ತೇನೆ ಅಂದೆ."

"ವಿಚಾರಿಸಿದೆ ತಾನೇ? ಮರುದಿನವೇ ಸರಿ ಅಂತ ಹೇಳ್ಲಿಲ್ವಾ?"

"ಹೇಳಿದೆ. ಸಮದ ಸರಿ ಅಂದ ಮೇಲೆ ನಾನು ಕಂಡದ್ದು ನಿಜ ಆಯ್ತು. ಕಮಿಟಿಯವರು ಮಾಡಿದ್ದು ಕೂಡ ಅದೇ ಮಾರಾಯ್ತಿ. ಅವರಿಗೆ ಸಿಕ್ಕಿದ ಲೆಕ್ಕ ಬೇರೆ, ಅಷ್ಟೇ."

ಅತ್ತಿಗೆ "ಅವಳು ನಿಮಗೋಸ್ಕರ ಅಲೆಯುವುದು" ಎಂದರು. ಅವನು "ಅಲೆಯಲಿ, ಯಾರು ಬೇಡ ಹೇಳಿದ್ದು?" ಎಂದ.

ಇದು ನ್ಯಾಯವಾದ ಮಾತಲ್ಲ. ಆ ಮೂವರ ಬೆಂಚಿನಲ್ಲಿ ನನ್ನನ್ನೂ ಕೂರಿಸಿಬಿಟ್ಟ. ಪ್ರಮಾಣ ಕೇಳುವುದು ಅವಮಾನವೇ? ನಾಲ್ಕು ಪುಸ್ತಕ ಓದಿದವರು ಯಾರಾದರೂ ಹಾಗೆಯೇ ಮಾಡುತ್ತಾರೆ.

ಚೀಟಿಯನ್ನು ಚೀಲಕ್ಕೆ ಹಾಕಿ ಎದ್ದೆ. ಆಗ ಅವನೇ ಹೇಳತೊಡಗಿದ, ನನಗಲ್ಲ, ಅಂಗಳಕ್ಕೆ. ಮೊದಲು ಬೇರೆ ಬೋಟಿನ ದೀಪ ಅಂದುಕೊಂಡನಂತೆ. ದೀಪ ನೀರು ಬಿಟ್ಟು ಮೇಲೆ ಬಂತಂತೆ. ಒಡೆದು ಮೂರಾಯಿತು, ಹಿಂದಿನಿಂದ ಇನ್ನೂ ಸಣ್ಣವು, ಮದುವೆ ದಿಬ್ಬಣದ ಹಾಗೆ ಒಂದರ ಹಿಂದೆ ಒಂದು. ಸದ್ದೇ ಇರಲಿಲ್ಲ. ನೀರು ಬೆಳ್ಳಗಾಯಿತು. ಲತೀಶ ಬಾಗಿ ನಿಂತಿದ್ದ. ಅವನ ನೆರಳು ಬೋಟಿನ ಮೇಲೆ ಗಡಿಯಾರದ ಮುಳ್ಳಿನ ಹಾಗೆ ಸುತ್ತು ತಿರುಗಿತಂತೆ.

"ಆ ನೆರಳು ನೋಡಿ ಹೆದರಿದ್ದು ನಾನು. ಬೆಂಕಿ ನೋಡಿ ಅಲ್ಲ" ಎಂದ.

ಫೆರಿಯಲ್ಲಿ ನಿಂತು ಅಷ್ಟನ್ನೂ ಸಮದನಿಗೆ ಫೋನಿನಲ್ಲಿ ಹೇಳಿದೆ. ಅವನು ಒಂದೊಂದನ್ನೂ ಮತ್ತೆ ಕೇಳಿ ಬರೆದುಕೊಂಡ. ಆಮೇಲೆ, "ನಾವು ಯಾರೂ ಕಾಣ್ಲಿಲ್ಲ ಅಲ್ವಾ ಅಕ್ಕ" ಎಂದ.

ಡಿಸೆಂಬರ್ 12

ಹಂಪನಕಟ್ಟೆಯ ಪತ್ರಿಕಾ ಕಚೇರಿಗೆ ಹೋಗಿದ್ದೆ. ಮೋಕ್ಷಾ ಎಂಬ ಹುಡುಗಿ ಮರ್ಯಾದೆಯಿಂದ ಕೂರಿಸಿ ಕೇಳಿದಳು. ಟಿಪ್ಪಣಿ ಬರೆದವರೇ ತಿದ್ದುಪಡಿ ಕಳಿಸಿದರೆ ಮರುದಿನವೇ ಹಾಕುತ್ತಾರಂತೆ. "ಎರಡು ಸಾಲು ಸಾಕು ಆಂಟಿ. ಸರ್ ವಾಟ್ಸಾಪ್ ಮಾಡಿದರೂ ಆಗ್ತದೆ."

ಅಲ್ಲಿಂದಲೇ ಸರ್ ಅವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲ ಎತ್ತಿ, "ಜನವರಿ ಕಳೆಯಲಿ" ಎಂದರು.

ಹೊರಗೆ ಬಂದರೆ ಎದುರಿಗೆ ಗಡಿಯಾರ ಗೋಪುರ. ನಾನು ಕಾಲೇಜಿಗೆ ಹೋಗುವಾಗ ಇದ್ದದ್ದು ಇದಲ್ಲ. ಅದನ್ನು ಕೆಡವಿ, ಎಷ್ಟೋ ವರ್ಷ ಖಾಲಿ ಬಿಟ್ಟು, ಮತ್ತೆ ಹೊಸದು ಕಟ್ಟಿದರು. ಹಳೆಯದು ಹೋದಾಗ ನಾನು ಪೇಪರಿಗೆ ಬರೆದಿದ್ದೆ. ಯಾರೂ ಉತ್ತರ ಕೊಟ್ಟಿರಲಿಲ್ಲ. ಉತ್ತರ ಕೊಡದೆ ಇರುವವರು ಯಾವಾಗಲೂ ಬೇರೆಯವರು, ಪಾಲಿಕೆಯವರು, ಇಲಾಖೆಯವರು ಎಂದು ಅಂದುಕೊಂಡೇ ಈ ವಯಸ್ಸಾಯಿತು.

ಡಿಸೆಂಬರ್ 18

ಕೂಟದ ಬುಲೆಟಿನ್ ಬಂತು. ಇಂಗ್ಲಿಷಿನಲ್ಲಿ, ಕೊನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರಗಳಲ್ಲಿ ಒಂದು ಸಾಲು: ಹಿಂದಿನ ಪ್ರಕಟಣೆಯಲ್ಲಿನ ಸಮಯವನ್ನು ಜಾಗತಿಕ ಕಾಲವೆಂದು ಓದಿಕೊಳ್ಳತಕ್ಕದ್ದು.

ಯಾವ ಪ್ರಕಟಣೆ, ಯಾವ ಸಮಯ, ಯಾರಿಗೆ ಏನಾಯಿತು, ಒಂದೂ ಇಲ್ಲ. ಇದು ಈಮೇಲಿನಲ್ಲಿ ನಲವತ್ತು ಮಂದಿಗೆ ಹೋಗುತ್ತದೆ. ಬೆಂಗ್ರೆಯಲ್ಲಿ ಒಬ್ಬರಿಗೂ ಹೋಗುವುದಿಲ್ಲ.

ಸರ್ ನನಗೆ ಮೆಸೇಜ್ ಹಾಕಿದ್ದಾರೆ: "ಸಮಾಧಾನವಾಯಿತಲ್ಲ?"

ಡಿಸೆಂಬರ್ 21

ಬೆಳಿಗ್ಗೆ ದಕ್ಕೆಗೆ ಹೋದೆ. ಕಚೇರಿ ದಾಟಿ ಮೀನು ಹರಾಜಿನ ಕಟ್ಟೆಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಏಲಂ ಮುಗಿದು ಹೆಂಗಸರು ಬುಟ್ಟಿ ಹೊಂದಿಸುತ್ತಿದ್ದರು. ನನ್ನ ಸೀರೆ ನೋಡಿ ದಾರಿ ಬಿಟ್ಟರು. ಬಳಿಕ ಒಬ್ಬಳು ಗುರುತು ಹಿಡಿದು, "ಯಾದವಣ್ಣನ ತಂಗಿ ಅಲ್ವಾ? ಲೈಬ್ರರಿ ದಮಯಂತಕ್ಕ" ಎಂದಳು.

ಬುಲೆಟಿನ್ ಓದದವರಿಗೆ ನಾನೇ ಹೇಳುತ್ತೇನೆಂದು ಹೊರಟಿದ್ದೆ. ತುಳುವಿನಲ್ಲೇ ಹೇಳಿದೆ. ಪೇಪರಿನಲ್ಲಿ ಬಂದ ಒಂಬತ್ತು ನಲವತ್ತು ನಮ್ಮ ಗಂಟೆಯಲ್ಲ, ಲಂಡನ್ ಕಡೆಯ ಗಂಟೆ, ನಮ್ಮಲ್ಲಿ ಆಗ ನಸುಕು ಮೂರು ಕಳೆದಿತ್ತು ಎಂದೆ.

"ಮಂಗಳೂರಿನಲ್ಲಿ ಕೂತು ಲಂಡನಿನ ಗಂಟೆ ಎಂತಕ್ಕಕ್ಕ ನಿಮಗೆ? ಅಲ್ಲಿ ಮೀನು ಮಾರ್ಲಿಕ್ಕೆ ಉಂಟಾ?"

"ಇವಳ ಗಂಡ ದುಬಾಯಿಯಲ್ಲಿ ಇದ್ದಾನೆ. ಅವನಾದ್ರೂ ಅಲ್ಲಿಯ ಗಂಟೆ ನೋಡಿಯೇ ಊಟ ಮಾಡುವುದು."

ಎಲ್ಲರೂ ನಕ್ಕರು. ನನಗೂ ನಗು ಬಂತು. ಲತೀಶನ ತಾಯಿ ಮಾತ್ರ ನಗಲಿಲ್ಲ. ಅವಳು ಅಲ್ಲಿರುವುದನ್ನು ನಾನು ನೋಡಿರಲಿಲ್ಲ.

"ಯಾದವಣ್ಣ ದಿನಾ ಆಸ್ಪತ್ರೆಗೆ ಬಂದು ಬಾಗಿಲಲ್ಲಿ ನಿಲ್ತಿದ್ರು" ಎಂದಳು. "ಒಳಗೆ ಬನ್ನಿ ಅಂತ ನಾನು ಹೇಳ್ಲಿಲ್ಲ. ಬೆಂಕಿ ಬಿದ್ದದ್ದು ಒಂಬತ್ತು ನಲವತ್ತಕ್ಕೆ ಅಂತ ಪೇಪರೇ ಹೇಳಿದ ಮೇಲೆ, ನಿದ್ದೆ ಮಾಡಿ ನನ್ನ ಮಗನ ಕಾಲು ಮುರಿದವರು ಅಂತಲೇ ಆಯ್ತಲ್ಲ. ಈಗ ನೀನು ಹೇಳ್ತಿ. ನೀನು ತಂಗಿ, ನೀನು ಹೇಳಿಯೇ ಹೇಳ್ತಿ. ಬರೆದವರು ಇಲ್ಲಿಗೆ ಬಂದು ಹೇಳಲಿ. ಏಲಂ ಆಗುವಾಗ, ಎಲ್ಲರೂ ಇರುವಾಗ. ಆಗ ನಾನು ಯಾದವಣ್ಣನ ಕಾಲು ಹಿಡೀತೇನೆ."

ಅಣ್ಣ ದಿನವೂ ಆಸ್ಪತ್ರೆಗೆ ಹೋಗುತ್ತಿದ್ದ ಸಂಗತಿ ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ 26

ಅಣ್ಣ ಗೋವಾಕ್ಕೆ ಹೋದ. ಅಲ್ಲಿಯ ಬೋಟೊಂದರಲ್ಲಿ ಅಡುಗೆಯ ಕೆಲಸ. ಅರವತ್ತೆರಡು ವರ್ಷಕ್ಕೆ, ಇಪ್ಪತ್ತರ ಹುಡುಗರಿಗೆ ಅನ್ನ ಬೇಯಿಸಲು.

ರೈಲು ನಿಲ್ದಾಣಕ್ಕೆ ಹೋಗಿದ್ದೆ. ಒಂದು ಚೀಲ, ಒಂದು ಕೊಡೆ.

"ಇನ್ನು ಸ್ವಲ್ಪ ದಿನ ನಿಲ್ಲು ಅಣ್ಣ. ಜನವರಿ ಕಳೆಯಲಿ. ಸರ್ ಬರೆದುಕೊಡ್ತೇನೆ ಅಂದಿದ್ದಾರೆ."

"ಬರಲಿ. ಬಂದ್ರೆ ಕಳಿಸು, ಓಡಿ ಬರ್ತೇನೆ" ಎಂದು ನಕ್ಕ. "ನನ್ನ ಸಾರು ಬಾಯಿಗಿಟ್ಟ ದಿನ ಅವರೇ ನನ್ನನ್ನು ಚುಕ್ಕಾಣಿಗೆ ಕೂರಿಸ್ತಾರೆ, ನೋಡು."

ರೈಲು ದೂರದಲ್ಲಿ ಕಾಣಿಸಿತು. ಹೇಳಬೇಕಾದ ಮಾತೊಂದು ನನ್ನಲ್ಲಿತ್ತು. ಆ ಬೆಳಿಗ್ಗೆಯೇ, ಫೋನಿನಲ್ಲೇ, ಹೇಳಬಹುದಾಗಿದ್ದ ಮಾತು. ಎರಡೇ ಶಬ್ದ: ಹೌದಾ, ಅಣ್ಣ? ಪರೀಕ್ಷಿಸಲು ಅಲ್ಲ, ಕಂಡದ್ದನ್ನು ಅವನ ಬಾಯಿಂದ ಕೇಳಲು. ಅದನ್ನು ಪ್ಲಾಟ್‌ಫಾರ್ಮಿನಲ್ಲಿ ಹೇಗೆ ಹೇಳುವುದು? ಬಿಸ್ಕೆಟಿನ ಪೊಟ್ಟಣ ಕೊಟ್ಟೆ.

ಜನವರಿ 3

ಆಕಾಶ ಹಬ್ಬದ ಆಮಂತ್ರಣ. 'ನವೆಂಬರಿನಲ್ಲಿ ರಾಕೆಟ್ ಅವಶೇಷದ ಪತನವನ್ನು ಕರಾರುವಾಕ್ಕಾಗಿ ಗುರುತಿಸಿದ ತಂಡದೊಂದಿಗೆ ಸಂವಾದ.' ತಂಡದಲ್ಲಿ ನನ್ನ ಹೆಸರೂ ಇದೆ. ಸಮದ್ ತನ್ನ ಹೆಸರು ತೆಗೆಸಿದ್ದಾನಂತೆ. ನಾನು ತೆಗೆಸಲಿಲ್ಲ. ಹೆಸರಿದ್ದರೆ ಮೈಕು ಸಿಗುತ್ತದೆ.

ಜನವರಿ 12

ಕದ್ರಿ ಪಾರ್ಕಿನಲ್ಲಿ ಇವತ್ತು ಸಂಜೆ ತುಂಬ ಮಕ್ಕಳಿದ್ದರು. ದೂರದರ್ಶಕಗಳ ಮುಂದೆ ಸಾಲು. ಶುಕ್ರ ಹೊಳೆಯುತ್ತಿತ್ತು. ತಾರಾನಾಥ ಸರ್ ಚೆನ್ನಾಗಿಯೇ ಮಾತಾಡಿದರು. ಅವರಿಗೆ ಕಲಿಸುವುದು ಗೊತ್ತು. ಆಮೇಲೆ ಮೈಕು ನನ್ನ ಕೈಗೆ ಬಂತು.

"ನವೆಂಬರಿನ ಆ ಬೆಂಕಿಯನ್ನು ನಮ್ಮ ತಂಡದ ಯಾರೂ ಕಾಣಲಿಲ್ಲ" ಎಂದೆ. "ಕಂಡವನು ನನ್ನ ಅಣ್ಣ ಯಾದವ. ಅವನು ಕಂಡದ್ದು ನಸುಕಿಗೆ. ನಾವು ಪೇಪರಿನಲ್ಲಿ ರಾತ್ರಿ ಎಂದು ಬರೆದೆವು. ಅದನ್ನು ಸರ್ ಈಗ ಇಲ್ಲಿ..."

ಸರ್ ನಗುತ್ತಲೇ ಮೈಕು ತೆಗೆದುಕೊಂಡರು. "ಮೇಡಂ, ಇದು ಮಕ್ಕಳ ಕಾರ್ಯಕ್ರಮ. ಅದನ್ನು ಮತ್ತೆ ಮಾತಾಡುವ. ಯಾರಿಗೆಲ್ಲ ಚಂದ್ರನ ಕುಳಿ ನೋಡ್ಲಿಕ್ಕೆ ಉಂಟು?" ಮಕ್ಕಳೆಲ್ಲ ಕೈ ಎತ್ತಿದರು.

ಮುಗಿದ ಮೇಲೆ ಅವರು ಒಬ್ಬರೇ ಹತ್ತಿರ ಬಂದರು. ಮೈಕಿನ ತಂತಿ ಸುತ್ತುತ್ತಾ ನಿಂತರು. "ನನಗೆ ಎಪ್ಪತ್ಮೂರು, ದಮಯಂತಿಯವರೇ. ಇದೊಂದೇ ಹೆಸರು ಉಳಿದದ್ದು ನನಗೆ." ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಸುಲಭವಾಗುತ್ತಿತ್ತು. ಅಣ್ಣನಿಗೂ ಅದೊಂದೇ ಇತ್ತು ಎಂದೆ. ಅವರು ತಲೆಯಾಡಿಸಿ ದೂರದರ್ಶಕ ಬಿಚ್ಚಲು ಹೋದರು.

ಮೈಕಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನಾಳೆ ಬೆಳಿಗ್ಗೆ ಇದನ್ನೇ ನನ್ನ ಹೆಸರು ಹಾಕಿ ಪತ್ರಿಕಾ ಕಚೇರಿಯಲ್ಲಿ ಮೋಕ್ಷಾಳ ಮೇಜಿನ ಮೇಲೆ ಇಡುತ್ತೇನೆ.

ಕದ್ರಿ ಖಗೋಳ ಕೂಟದ ಅಧ್ಯಕ್ಷರಿಗೆ, ಪಡುಕಡಲು ಬೋಟ್ ಮಾಲೀಕರ ಕೂಟದ ಮೂವರಿಗೆ, ಮತ್ತು ಅದೇ ಖಗೋಳ ಕೂಟದ ಸದಸ್ಯೆಯಾದ ನನಗೆ ಈ ಪ್ರಶ್ನೆಗಳು.

ಬೆಂಕಿಯನ್ನು ಕಂಡ ಒಬ್ಬನೇ ಒಬ್ಬನನ್ನು ನಮ್ಮಲ್ಲಿ ಯಾರೂ ಯಾಕೆ ಮೊದಲು ಕೇಳಲಿಲ್ಲ? ಅವನು ಹೇಳಿದ್ದನ್ನು ನಂಬಲು ನಮಗೆ ಇನ್ನೊಬ್ಬರ ಲೆಕ್ಕ ಯಾಕೆ ಬೇಕಾಯಿತು? ಆ ಲೆಕ್ಕ ತಪ್ಪಾಗಿ ಅಚ್ಚಾದದ್ದು ಗೊತ್ತಾದ ಮೇಲೂ ಊರಿಗೆ ಯಾಕೆ ಹೇಳಲಿಲ್ಲ? ಪತ್ರ ಬೇಡ, ಬುಲೆಟಿನ್ ಬೇಡ. ನೀವೆಲ್ಲರೂ ದಕ್ಕೆಗೆ ಬನ್ನಿ. ಬೆಳಿಗ್ಗೆ, ಏಲಂ ನಡೆಯುವಾಗ, ಲತೀಶನ ತಾಯಿಯ ಮುಂದೆ ನಿಂತು, ತುಳುವಿನಲ್ಲಿ, ಗಟ್ಟಿಯಾಗಿ ಹೇಳಿ: ಯಾದವ ಎಚ್ಚರವಿದ್ದ. ನಾನೂ ನಿಮ್ಮ ಸಾಲಿನಲ್ಲಿ ನಿಂತು ಅದನ್ನೇ ಹೇಳುತ್ತೇನೆ. ಯಾವ ದಿನ ಬರುತ್ತೀರಿ?